ಕಾವ್ಯನಾಮಕ್ಕೆ ಓಟಿಪಿ ಬರುವುದಿಲ್ಲ

ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ಜಾಲಪತ್ರಿಕೆ ಶುರು ಮಾಡಿದ್ದೆವು. ಯಾರು ಬೇಕಾದರೂ ಖಾತೆ ತೆರೆದು ಕವಿತೆ, ಕತೆ ಹಾಕಬಹುದಿತ್ತು. ಹೆಸರು ಯಾವುದಾದರೂ ಸರಿ, ಒಂದು ಇಮೇಲ್ ಇದ್ದರೆ ಸಾಕು. ಮೊದಲ ತಿಂಗಳು ಹಬ್ಬದಂತಿತ್ತು. ಎರಡನೆಯ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ರಾತ್ರೋರಾತ್ರಿ ನೂರಾರು ಹೊಸ ಖಾತೆಗಳು. ಕವಿತೆ ಇರಬೇಕಾದ ಜಾಗದಲ್ಲಿ ಸಾಲದ ಜಾಹೀರಾತು, ಜೂಜಿನ ಲಿಂಕು, ಯಾವುದೋ ದೇಶದ ಔಷಧಿ ಅಂಗಡಿ. ಅಳಿಸಿದಷ್ಟೂ ರಕ್ತಬೀಜನ ಹಾಗೆ ಹುಟ್ಟುತ್ತಿದ್ದವು. ಮೂರನೆಯ ದಿನ ನಾವೂ ಎಲ್ಲರೂ ಮಾಡುವುದನ್ನೇ ಮಾಡಿದೆವು. ಮೊಬೈಲ್ ನಂಬರು ಕಡ್ಡಾಯ, ಓಟಿಪಿ ಹಾಕಿದರಷ್ಟೇ ಪ್ರವೇಶ, ಹಳಬರಿಗೂ ಅದೇ ನಿಯಮ. ಸ್ಪ್ಯಾಮ್ ನಿಂತಿತು.

ಅದರ ಜೊತೆಗೆ ಇನ್ನೊಂದೂ ನಿಂತಿತು. ಹೂವಿನ ಹೆಸರೊಂದನ್ನು ಇಟ್ಟುಕೊಂಡು ಒಬ್ಬರು ನಮ್ಮಲ್ಲಿ ಬರೆಯುತ್ತಿದ್ದರು. ಮದುವೆಯಾಗಿ ಬಂದ ಮನೆಯ ಬಗ್ಗೆ, ಅಲ್ಲಿನ ಮಾತಿಲ್ಲದ ಮಧ್ಯಾಹ್ನಗಳ ಬಗ್ಗೆ ಅವರು ಬರೆದ ಆರು ಕವಿತೆಗಳು ನಾವು ಪ್ರಕಟಿಸಿದ್ದರಲ್ಲೇ ಒಳ್ಳೆಯವು. ಹೊಸ ನಿಯಮ ಬಂದ ವಾರ ಅವರಿಂದ ಒಂದು ಪುಟ್ಟ ಮೇಲ್ ಬಂತು: ಸಿಮ್ ಮನೆಯವರ ಹೆಸರಿನಲ್ಲಿದೆ, ಮೆಸೇಜು ಅವರೂ ನೋಡುತ್ತಾರೆ, ಕ್ಷಮಿಸಿ. ಅಷ್ಟೇ. ಆಮೇಲೆ ಅವರು ಬರೆಯಲಿಲ್ಲ.

ನನ್ನ ಪಿಎಚ್.ಡಿ. ವಿಷಯ ಆಧುನಿಕ ಕನ್ನಡದ ಕಾವ್ಯನಾಮಗಳು. ಹಗಲೆಲ್ಲ ಕಾವ್ಯನಾಮದ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನಾನೇ ಸಂಜೆ ಕೂತು ಕಾವ್ಯನಾಮವನ್ನು ಆಚೆ ಅಟ್ಟುವ ಫಾರ್ಮ್ ತಯಾರಿಸಿದ್ದೆ. ಆ ಫಾರ್ಮನ್ನು ಈಗ ಒಂದು ಪಠ್ಯದಂತೆ ಓದಬೇಕೆನ್ನಿಸುತ್ತದೆ.

ಕನ್ನಡದಲ್ಲಿ ಹೆಸರು ಮರೆಸಿ ಬರೆದವರ ದೊಡ್ಡ ಸಾಲೇ ಇದೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ತಮ್ಮ ಬರಹವನ್ನು ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಮುದ್ದಣನೆಂದರೆ ಅವರೇ ಎಂದು ಲೋಕಕ್ಕೆ ಸರಿಯಾಗಿ ತಿಳಿದದ್ದು 1901ರಲ್ಲಿ ಅವರು ತೀರಿಕೊಂಡ ಮೇಲೆ. ಅನಸೂಯಾ ಶಂಕರ್ 'ತ್ರಿವೇಣಿ'ಯಾಗಿ, ಸುಬ್ಬಮ್ಮ 'ವಾಣಿ'ಯಾಗಿ ಬರೆದರು. ಅಂಕಿತವೊಂದೇ ಉಳಿದು ಬರೆದವರು ಯಾರೆಂದು ಗೊತ್ತಾಗದ ವಚನಗಳೂ ನಮ್ಮಲ್ಲಿವೆ. ಕಾರಣಗಳು ಬೇರೆ ಬೇರೆ: ಕೆಲವರಿಗೆ ಸಂಕೋಚ, ಕೆಲವರಿಗೆ ಮನೆ, ಕೆಲವರಿಗೆ ನೌಕರಿ, ಕೆಲವರಿಗೆ ಬರೀ ಖುಷಿ. ಪತ್ರಿಕೆಯ ಸಂಪಾದಕರು ಕಾರಣ ಕೇಳುತ್ತಿರಲಿಲ್ಲ. ಬರಹ ಓದುತ್ತಿದ್ದರು, ಹಿಡಿಸಿದರೆ ಹಾಕುತ್ತಿದ್ದರು.

ಹಾಗಾದರೆ ನಮ್ಮ ಫಾರ್ಮ್ ಯಾಕೆ ನಂಬರು ಕೇಳಿತು? ಸ್ಪ್ಯಾಮ್ ನಡೆಯುವುದು ಅಗ್ಗದ ಮೇಲೆ. ಹತ್ತು ಸಾವಿರ ಇಮೇಲ್ ವಿಳಾಸ ಹುಟ್ಟಿಸಲು ಬಾಟ್‌ಗೆ ಖರ್ಚೇ ಇಲ್ಲ. ಹತ್ತು ಸಾವಿರ ಸಿಮ್ ಕೊಳ್ಳಲು ದುಡ್ಡು ಬೇಕು. ಹಾಗೆ ನೋಡಿದರೆ ಫೋನ್ ನಂಬರು ಮೂಲದಲ್ಲಿ ಒಂದು ಸುಂಕ. ಆದರೆ ನಮ್ಮ ದೇಶದಲ್ಲಿ ಗುರುತಿನ ಚೀಟಿ ಕೊಡದೆ ಸಿಮ್ ಸಿಗುವುದಿಲ್ಲ. ಹಾಗಾಗಿ ಸುಂಕ ಎಂದು ಕೇಳಿದ್ದು ನಿಜಹೆಸರು, ಮನೆವಿಳಾಸಗಳಿಗೆ ದಾರಿ ತೋರಿಸುವ ದಾರವೂ ಆಗುತ್ತದೆ. ಸಿಮ್ ಇನ್ನೊಬ್ಬರ ಹೆಸರಿನಲ್ಲಿದ್ದವರಿಗಂತೂ ಅದು ಅಪ್ಪಣೆ ಚೀಟಿ. ನಮಗೆ ತಿಳಿಯಬೇಕಾಗಿದ್ದದ್ದು ಒಂದೇ: ಇಲ್ಲಿ ಬಂದಿರುವುದು ಒಬ್ಬ ಮನುಷ್ಯನೋ, ಯಂತ್ರದ ಪ್ರವಾಹವೋ? ನಾವು ಕೇಳಿದ್ದು ಮಾತ್ರ 'ನೀವು ಯಾರು' ಎಂದು. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡದ್ದೇ ನಮ್ಮ ತಪ್ಪು.

ಮೊದಲ ಪ್ರಶ್ನೆಯನ್ನಷ್ಟೇ ಕೇಳುವ ಪ್ರಯತ್ನಗಳು ಆಗಿಲ್ಲವೆಂದಲ್ಲ. ಕ್ಯಾಪ್ಚಾ ಅಂಥದ್ದು. ಸೊಟ್ಟ ಅಕ್ಷರ ಓದಿ ಟೈಪಿಸಿದರೆ ಮನುಷ್ಯ ಎಂದು ಒಪ್ಪುವ ಈ ಪರೀಕ್ಷೆಗೆ ಹೆಸರು ಬೇಕಿರಲಿಲ್ಲ. 2007ರಲ್ಲಿ ಬಂದ ರೀಕ್ಯಾಪ್ಚಾ ಆ ಓದುವ ಶ್ರಮವನ್ನು ಹಳೆಯ ಪುಸ್ತಕ, ಪತ್ರಿಕೆಗಳನ್ನು ಗಣಕಕ್ಕೇರಿಸಲು ಬಳಸಿಕೊಂಡಿತು. ಯಂತ್ರಕ್ಕೆ ಓದಲಾಗದ ಪದವನ್ನು ಜನ ಓದಿಕೊಟ್ಟರು. ಆದರೆ ಕಣ್ಣು ಕಾಣದವರಿಗೆ ಅದು ಗೋಡೆಯಾಯಿತು. ಇಂಗ್ಲಿಷ್ ಬಾರದವರಿಗೂ ಅಷ್ಟೇ. ಬಹುಕಾಲ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆಯಬೇಕಾದರೂ ತಿರುಚಿದ ಇಂಗ್ಲಿಷ್ ಅಕ್ಷರಗಳನ್ನೇ ಓದಬೇಕಿತ್ತು. ಯಂತ್ರಗಳೇ ಆ ಅಕ್ಷರಗಳನ್ನು ಓದಲು ಕಲಿತಾಗ ಪರೀಕ್ಷೆ ವೇಷ ಬದಲಿಸಿತು. 2009ರಲ್ಲಿ ರೀಕ್ಯಾಪ್ಚಾವನ್ನು ಕೊಂಡಿದ್ದ ಗೂಗಲ್ 2018ರಲ್ಲಿ ಅದರ ಮೂರನೆಯ ಆವೃತ್ತಿ ತಂದಿತು. ಅದು ನಮ್ಮನ್ನು ಏನನ್ನೂ ಕೇಳುವುದಿಲ್ಲ. ಪುಟದಲ್ಲಿ ನಾವು ನಡೆದುಕೊಳ್ಳುವ ರೀತಿಯನ್ನು ಹಿಂದೆ ನಿಂತು ಗಮನಿಸಿ ಸೊನ್ನೆಯಿಂದ ಒಂದರ ನಡುವೆ ಅಂಕ ಕೊಡುತ್ತದೆ. ಪ್ರಶ್ನೆ ಕೇಳುತ್ತಿದ್ದ ಬಾಗಿಲು ಪಹರೆ ಕಾಯುವ ಬಾಗಿಲಾಯಿತು.

ಎರಡನೆಯ ಪ್ರಶ್ನೆಯನ್ನು ಕಾನೂನಾಗಿಸಿದ ದೇಶವೂ ಇದೆ. ದಕ್ಷಿಣ ಕೊರಿಯಾ 2007ರಲ್ಲಿ, ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಮೊದಲು ತಮ್ಮ ನಿಜ ಗುರುತನ್ನು ಸಾಬೀತುಪಡಿಸಬೇಕೆಂಬ ನಿಯಮ ತಂದಿತು. ಅಲ್ಲಿ ಗುರಿಯಾಗಿದ್ದದ್ದು ಸ್ಪ್ಯಾಮ್‌ಗಿಂತ ಹೆಚ್ಚಾಗಿ ಬೈಗುಳ ಮತ್ತು ಮಾನಹಾನಿ. ತರ್ಕ ಮಾತ್ರ ನಮ್ಮದೇ: ಹೆಸರು ಗೊತ್ತಿದ್ದರೆ ಜನ ನೆಟ್ಟಗಿರುತ್ತಾರೆ. ಜಾಲತಾಣಗಳ ಬಳಿ ಜನರ ವಿವರಗಳು ರಾಶಿಬಿದ್ದವು. ರಾಶಿ ಇದ್ದಲ್ಲಿ ಕಳ್ಳ ಬರುತ್ತಾನೆ. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ಆ ದೇಶದ ಜನಸಂಖ್ಯೆಯೇ ಸುಮಾರು ಐದು ಕೋಟಿ. ಮರುವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಒಮ್ಮತದಿಂದ ಆ ನಿಯಮವನ್ನು ರದ್ದು ಮಾಡಿತು.

ನಮ್ಮಲ್ಲಿ ಈ ಚರ್ಚೆ ಕರ್ನಾಟಕದವರೊಬ್ಬರ ಹೆಸರಿನಲ್ಲೇ ಇದೆ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಹೇಳಿತು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ, ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟು ಮಾಹಿತಿಗಷ್ಟೇ ಒಪ್ಪಿಗೆ ಅನ್ವಯಿಸುತ್ತದೆ ಎನ್ನುತ್ತದೆ. ಒಂದು ಕವಿತೆ ಪ್ರಕಟಿಸಲು ಕವಿಯ ಫೋನ್ ನಂಬರು ಅಗತ್ಯವೇ? ನಮ್ಮ ಪತ್ರಿಕೆಯ ಮಟ್ಟಿಗೆ ಇದಕ್ಕೆ ಹೌದೆನ್ನಲು ನನ್ನಿಂದ ಆಗುವುದಿಲ್ಲ.

ಎರಡು ಪ್ರಶ್ನೆಗಳನ್ನು ಬೇರೆಬೇರೆ ಮಾಡುವುದು ಹೇಗೆ ಎನ್ನುವುದಕ್ಕೆ ಒಳ್ಳೆಯ ಮಾದರಿ ಮೈಸೂರಿನ ಕಾರ್ಖಾನೆಯೊಂದರಿಂದ ಬರುತ್ತದೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಮತ್ತು ವಾರ್ನಿಷ್ ಕಂಪನಿ 1962ರ ಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಬೆರಳಿನ ಆ ಗೆರೆ ಒಂದೇ ಮಾತು ಹೇಳುತ್ತದೆ: ಇವರು ಒಮ್ಮೆ ಮತ ಹಾಕಿಯಾಯಿತು. ಯಾರು, ಎಲ್ಲಿಯವರು, ಯಾರಿಗೆ ಹಾಕಿದರು ಎಂದು ಹೇಳುವುದಿಲ್ಲ. ಮತಗಟ್ಟೆಯ ಮೇಜಿನ ಬಳಿ ಹೆಸರು ಕೇಳುತ್ತಾರೆ, ನಿಜ; ಪರದೆಯ ಆಚೆಗೆ ಆ ಹೆಸರು ಹೋಗುವುದಿಲ್ಲ. ಕಳ್ಳಮತಕ್ಕೂ ತಡೆ ಇದೆ, ಗುಟ್ಟೂ ಉಳಿಯುತ್ತದೆ.

ಗಣಕ ಲೋಕಕ್ಕೂ ಈ ಯುಕ್ತಿ ಹೊಸದಲ್ಲ. 1980ರ ದಶಕದ ಆರಂಭದಲ್ಲೇ ಡೇವಿಡ್ ಚೌಮ್ 'ಕುರುಡು ಸಹಿ'ಯನ್ನು ವಿವರಿಸಿದ್ದರು. ಚೀಟಿಯ ಮೇಲೆ ಕಾರ್ಬನ್ ಹಾಳೆಯಿಟ್ಟು ಲಕೋಟೆಯೊಳಗೆ ಹಾಕಿದರೆ, ಹೊರಗೆ ಮಾಡಿದ ಸಹಿ ಒಳಗಿನ ಚೀಟಿಗೂ ಇಳಿಯುತ್ತದೆ. ಸಹಿ ಮಾಡಿದವರಿಗೆ ಚೀಟಿಯಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. 'ಇವರು ಮನುಷ್ಯರು' ಎಂದು ಒಂದು ಕಡೆ ಸಹಿ ಪಡೆದು, ಇನ್ನೊಂದು ಕಡೆ ಹೆಸರು ಹೇಳದೆ ತೋರಿಸಬಹುದು. ಆ ಗಣಿತ ಇದ್ದೂ ನಮ್ಮ ಫಾರ್ಮ್‌ಗಳು ನಂಬರನ್ನೇ ಕೇಳುವುದಕ್ಕೆ ಒಂದು ಕಾರಣ ಸೋಮಾರಿತನ. ಇನ್ನೊಂದು, ನಂಬರು ಜಾಹೀರಾತಿಗೂ ಬೇಕು. ಸ್ಪ್ಯಾಮ್ ಹೆಸರಿನಲ್ಲಿ ಕೇಳಿದ್ದು ಸ್ಪ್ಯಾಮ್‌ಗಷ್ಟೇ ಬಳಕೆಯಾಗುತ್ತದೆಂಬ ಭರವಸೆ ಯಾರಿಗಿದೆ?

ನಾವು ಜಾಹೀರಾತಿನವರಲ್ಲ, ಸೋಮಾರಿಗಳು. ರಾತ್ರಿ ಕೂತು ಓದುವ ಕೆಲಸ ತಪ್ಪಿಸಿಕೊಳ್ಳಲು ಬೇರೆಯವರ ಗುಟ್ಟನ್ನು ಕೇಳಿದ್ದೆವು. ನಮ್ಮ ಶ್ರಮ ಉಳಿಯಿತು. ಅದರ ಬೆಲೆಯನ್ನು ತೆತ್ತವರು ಆ ಹೂವಿನ ಹೆಸರಿನವರು. ಬಾಗಿಲು ಕಾಯುವ ಖರ್ಚು ಯಾರದು ಎಂಬ ಪ್ರಶ್ನೆಗೆ, ಒಳಗೆ ಬರುವವರದೇ ಎಂದು ಸದ್ದಿಲ್ಲದೆ ಉತ್ತರಿಸಿಬಿಡುತ್ತದೆ ನಂಬರಿನ ಆ ಖಾಲಿ ಚೌಕ.

ಕಳೆದ ವರ್ಷ ನಂಬರಿನ ನಿಯಮ ತೆಗೆದೆವು, ಕೂಡಿಟ್ಟಿದ್ದ ನಂಬರುಗಳನ್ನು ಅಳಿಸಿದೆವು. ಈಗ ಫಾರ್ಮಿನಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಚೌಕವಿದೆ. ಬಾಟ್‌ಗಳು ಅದನ್ನೂ ತುಂಬಿ ಸಿಕ್ಕಿಬೀಳುತ್ತವೆ. ಒಂದೇ ಕಡೆಯಿಂದ ಗಂಟೆಗೆ ಇಷ್ಟೇ ಖಾತೆ ಎಂಬ ಮಿತಿಯಿದೆ. ಹೊಸಬರ ಮೊದಲ ಮೂರು ಬರಹಗಳನ್ನು ನಾವು ಓದಿದ ಮೇಲಷ್ಟೇ ಪ್ರಕಟಿಸುತ್ತೇವೆ. ಸರದಿಯ ಮೇಲೆ ದಿನಕ್ಕೊಬ್ಬರು ರಾತ್ರಿ ಒಂದು ಗಂಟೆ ಕೂರುತ್ತೇವೆ. ಆದರೂ ವಾರಕ್ಕೆರಡು ಜೂಜಿನ ಜಾಹೀರಾತು ನುಸುಳುತ್ತವೆ.

ನಾಲ್ಕು ಜನರ ಪತ್ರಿಕೆಗೆ ಇದು ಸಾಧ್ಯ, ಕೋಟ್ಯಂತರ ಬಳಕೆದಾರರಿರುವಲ್ಲಿ ಆಗುತ್ತದೆಯೇ ಎಂದು ಕೇಳಬಹುದು. ವಿಕಿಪೀಡಿಯ ಇಂದಿಗೂ ಖಾತೆಗೆ ಫೋನ್ ನಂಬರು ಕೇಳುವುದಿಲ್ಲ, ಇಮೇಲ್ ಕೂಡ ಕಡ್ಡಾಯವಲ್ಲ. ಖಾತೆಯಿಲ್ಲದೆ ತಿದ್ದಿದವರ ಐಪಿ ವಿಳಾಸ ಎಲ್ಲರಿಗೂ ಕಾಣುತ್ತಿದ್ದದ್ದನ್ನೂ ಈಚೆಗೆ ತಾತ್ಕಾಲಿಕ ಖಾತೆಗಳ ಮೂಲಕ ಮರೆಮಾಡುತ್ತಿದೆ. ಅಲ್ಲಿ ಬಾಗಿಲು ಕಾಯುವವರು ತಿದ್ದುಪಡಿಗಳನ್ನು ದಿನವೂ ಓದುವ ಸ್ವಯಂಸೇವಕರು. ಓದುವವರಿದ್ದ ಕಡೆ ಹೆಸರು ಕೇಳುವ ಅಗತ್ಯ ಕಡಿಮೆಯಾಗುತ್ತದೆ. ಮುದ್ದಣನನ್ನು ಅಚ್ಚು ಹಾಕಿದ ಸಂಪಾದಕರು ಮಾಡಿದ್ದೂ ಅದನ್ನೇ.

ನಿಯಮ ತೆಗೆದ ದಿನ ಆ ಹಳೆಯ ವಿಳಾಸಕ್ಕೆ ಒಂದು ಮೇಲ್ ಕಳಿಸಿದೆ: ಈಗ ನಂಬರು ಬೇಡ, ದಯವಿಟ್ಟು ಬರೆಯಿರಿ ಎಂದು. ಉತ್ತರ ಬಂದಿಲ್ಲ. ಅವರ ಆರು ಕವಿತೆಗಳು ಆ ಹೂವಿನ ಹೆಸರಿನಲ್ಲೇ ನಮ್ಮಲ್ಲಿವೆ. ನನ್ನ ಸರದಿಯ ರಾತ್ರಿ ಹೊಸ ಹೆಸರಿನಲ್ಲಿ ಬಂದ ಬರಹ ತೆರೆಯುವಾಗಲೆಲ್ಲ, ಇದು ಅವರದಿರಬಹುದೇ ಎಂದುಕೊಂಡೇ ಓದುತ್ತೇನೆ.