ಎದ್ದು ಹೋಗುವವಳ ಕಾಯಿ

ನನ್ನಮ್ಮ ಚೌಕಾಬಾರದ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಕೂತು ಆಡಿದ್ದನ್ನು, ನನಗೆ ಐವತ್ತು ತುಂಬುವವರೆಗೆ ನಾನು ಕಂಡಿರಲಿಲ್ಲ. ಆಕೆ ಆಡುತ್ತಿರಲಿಲ್ಲ ಎಂದಲ್ಲ. ಮಧ್ಯಾಹ್ನದ ಊಟ ಮುಗಿದು, ಅಡಿಗೆಮನೆ ಸಾರಿಸಿ, ಸೆರಗಿಗೆ ಕೈಯೊರೆಸಿಕೊಳ್ಳುತ್ತ ಅಮ್ಮ ನಡುಮನೆಗೆ ಬರುವ ಹೊತ್ತಿಗೆ ನಾವು ಮಕ್ಕಳು ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆ ಹಿಡಿದು ಕಾದಿರುತ್ತಿದ್ದೆವು. ಅಜ್ಜಿಯ ಕಾಯಿ ಕಾಫಿಬೀಜ, ಅಣ್ಣನದು ಬೆಣಚುಕಲ್ಲು, ನನ್ನದು ಹುಣಸೆಬೀಜ. ಅಮ್ಮನದು ಯಾವತ್ತೂ ಒಡೆದ ಹಸಿರು ಬಳೆಯ ಚೂರು. ಎರಡು ಸುತ್ತು ಆಗುವಷ್ಟರಲ್ಲಿ ಹಾಲಿನವಳೋ, ತೊಟ್ಟಿಲ ಕೂಸೋ, ಮೋಡ ಕಂಡ ಅಂಗಳದ ಹಪ್ಪಳವೋ ಕರೆಯುತ್ತಿತ್ತು. “ನನ್ನ ಕಾಯಿ ನೀವೇ ನಡೆಸ್ರೋ” ಎಂದು ಎದ್ದುಬಿಡುವಳು. ನಾವು ನಡೆಸುತ್ತಿದ್ದೆವು. ಹೇಗೆ ಎಂದರೆ, ನಮ್ಮ ಕಾಯಿಗೆ ಕಡಿಯಲು ಅನುಕೂಲವಾಗುವ ಹಾಗೆ.

ಚೌಕಾಬಾರ ಬಲ್ಲವರಿಗೆ ಗೊತ್ತು, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅಮ್ಮನ ಪರವಾಗಿ ಯಾರು ಯಾರನ್ನು ಕಡಿಯುತ್ತಾರೆ? ಹಸಿರು ಬಳೆಚೂರುಗಳು ಸಂಜೆಯವರೆಗೆ ಹೊರಸುತ್ತಿನಲ್ಲೇ ಪ್ರದಕ್ಷಿಣೆ ಹಾಕುತ್ತಿದ್ದವು. ಆಮೇಲೆ ಒದ್ದೆಬಟ್ಟೆಯಲ್ಲಿ ಮನೆಗಳನ್ನು ಒರೆಸಿ ದೀಪ ಹಚ್ಚುವವಳೂ ಅಮ್ಮನೇ.

ಪುಸ್ತಕಕ್ಕೆ ವಿಮರ್ಶೆಯುಂಟು, ಸಿನಿಮಾಕ್ಕೆ ಉಂಟು, ನಾಟಕಕ್ಕಂತೂ ಆಡುವುದಕ್ಕಿಂತ ವಿಮರ್ಶೆಯೇ ಹೆಚ್ಚು. ಮನೆಮಂದಿಯೆಲ್ಲ ಸುತ್ತ ಕೂತು ಆಡುವ ಆಟಗಳಿಗೆ ಮಾತ್ರ ನಮ್ಮಲ್ಲಿ ಯಾರೂ ವಿಮರ್ಶೆ ಬರೆದ ಹಾಗೆ ಕಾಣೆ. ಮಕ್ಕಳಾಟ ಎನ್ನುವ ಉದಾಸೀನ ಇರಬೇಕು. ನನಗೆ ಉದಾಸೀನವಿಲ್ಲ. ನಲವತ್ತು ವರ್ಷಗಳ ಸಂಸಾರದಲ್ಲಿ ನಾನು ಓದಿದ ಕಾದಂಬರಿಗಳಿಗಿಂತ ಆಡಿದ ಆಟಗಳೇ ಜಾಸ್ತಿ. ಒಂದು ಆಟವನ್ನು ಅಳೆಯಲು ನನ್ನ ಹತ್ತಿರ ಒಂದೇ ಒಂದು ಅಳತೆಗೋಲಿದೆ: ನಡುವೆ ಒಲೆ ಆರಿಸಲು ಎದ್ದು ಹೋಗುವವಳಿಗೆ ಆ ಆಟ ಏನು ಮಾಡುತ್ತದೆ?

ಈ ಅಳತೆಯಲ್ಲಿ ಚೌಕಾಬಾರಕ್ಕೆ ನಾನು ಪೂರ್ತಿ ಅಂಕ ಕೊಡಲಾರೆ, ಪೂರ್ತಿ ಬೈಯಲೂ ಆರೆ. ಅದು ಯಾರನ್ನೂ ಹೊರಗೆ ಹಾಕುವುದಿಲ್ಲ. ಕಡಿಸಿಕೊಂಡ ಕಾಯಿ ಸಾಯುವುದಿಲ್ಲ, ತನ್ನ ಮನೆಗೆ ಹೋಗಿ ಮತ್ತೆ ಹೊರಡುತ್ತದೆ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ, ಎರಡಕ್ಕೂ ಇನ್ನೊಂದು ಬಾರಿ ಎಸೆಯುವ ಅವಕಾಶ. ಹಾಗಾಗಿ ಹಿಂದೆ ಬಿದ್ದವರಿಗೂ ಆಸೆ ಬತ್ತುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಒಂದು ಭಾಗವನ್ನು ಮೀಸಲಿಟ್ಟರು. ಅರಸರಿಗೆ ಮಧ್ಯದಲ್ಲಿ ಹಾಲು ಉಕ್ಕುವ ಭಯ ಇರಲಿಲ್ಲ ಎನ್ನುವುದು ಬೇರೆ ಮಾತು.

ನನ್ನ ಮಕ್ಕಳ ಕಾಲಕ್ಕೆ ನೆಲದ ಮೇಲೆ ಬರೆಯುವುದು ಹೋಗಿ ಪೆಟ್ಟಿಗೆಯ ಆಟಗಳು ಬಂದವು. ಲೂಡೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಪಗಡೆ, ಪಚೀಸಿಯನ್ನೇ ಸರಳ ಮಾಡಿ ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿಕೊಂಡದ್ದು, ತವರಿನ ಸೀರೆಗೆ ಬೇರೆ ಅಂಚು ಹಚ್ಚಿ ನಮಗೇ ಮಾರಿದ ಹಾಗೆ. ಹೇಳಬೇಕಾದದ್ದು ೧೯೯೮ರಲ್ಲಿ ಹಾಸನದ ಪೇಟೆಯಲ್ಲಿ ಕೊಂಡು ತಂದ ‘ವ್ಯಾಪಾರ’ದ ಆಟದ ಬಗ್ಗೆ. ಬೊಂಬಾಯಿ, ಕಲ್ಕತ್ತ, ಮದರಾಸು ಎಂದು ಊರುಗಳನ್ನು ಕೊಳ್ಳುವುದು, ಮನೆ ಕಟ್ಟುವುದು, ಬಂದು ಇಳಿದವರಿಂದ ಬಾಡಿಗೆ ಕೀಳುವುದು. ಅಮೆರಿಕದ ಮೊನಾಪಲಿ ಎಂಬ ಆಟದ ನಮ್ಮ ಅವತಾರ. ಮಗನಿಗೆ ಹನ್ನೊಂದು, ಮಗಳಿಗೆ ಎಂಟು. ರಜೆಯಿಡೀ ಅದೇ.

ಈ ಆಟದಲ್ಲಿ ಸೋತವರು ಎದ್ದೇಬಿಡಬೇಕು. ದಿವಾಳಿಯಾದರೆ ಮುಗಿಯಿತು, ಉಳಿದವರು ಇನ್ನೂ ಎರಡು ಗಂಟೆ ಆಡುತ್ತಾರೆ, ನೀವು ಗೋಡೆ ನೋಡಬೇಕು. ನನ್ನ ಪ್ರಕಾರ ಸಂಸಾರದೊಳಗೆ ಆಡುವ ಆಟಕ್ಕೆ ಇದಕ್ಕಿಂತ ದೊಡ್ಡ ದೋಷವಿಲ್ಲ. ಆದರೆ ಆಗ ನನಗೆ ಅದೇ ಅನುಕೂಲವಾಗಿ ಕಂಡಿತ್ತು. ಆರೂವರೆಗೆ ಅನ್ನಕ್ಕಿಡಬೇಕು, ಅಂದರೆ ಆರೂಕಾಲಿಗೆ ನಾನು ದಿವಾಳಿಯಾಗಬೇಕು! ಬೇಡದ ಊರು ಕೊಳ್ಳುವುದು, ಇದ್ದ ಊರನ್ನು ಮಗನಿಗೆ ಕಾಸಿಗೆ ಮಾರುವುದು, ಅಪ್ಪನ ಹೋಟೆಲಿನ ಮೇಲೆ ಹೋಗಿ ಬಿದ್ದಾಗ ಮುಖ ಸಪ್ಪೆ ಮಾಡುವುದು. ಈ ಕಲೆಯಲ್ಲಿ ನಾನು ಎಷ್ಟು ಪಳಗಿದೆನೆಂದರೆ, ನಮ್ಮ ಮನೆಯಲ್ಲಿ “ಅಮ್ಮನಿಗೆ ವ್ಯವಹಾರ ಗೊತ್ತಾಗಲ್ಲ” ಎನ್ನುವುದು ಗಾದೆಯಾಯಿತು. ತಿಂಗಳ ಚೀಟಿ, ಹಾಲು, ಶಾಲೆಯ ಫೀಸು ಎಲ್ಲ ಲೆಕ್ಕ ಇಡುತ್ತಿದ್ದವಳು ನಾನೇ ಆದರೂ!

ತುಂಬ ವರ್ಷಗಳ ಮೇಲೆ ಓದಿ ತಿಳಿದೆ, ಈ ಆಟದ ಮೂಲವನ್ನು ಹೂಡಿದವಳು ಒಬ್ಬ ಹೆಂಗಸು. ಎಲಿಜಬೆತ್ ಮ್ಯಾಗಿ ಎಂದು ಹೆಸರು. ೧೯೦೪ರಲ್ಲಿ ಆಕೆಗೆ ‘ಜಮೀನ್ದಾರರ ಆಟ’ ಎಂಬುದಕ್ಕೆ ಪೇಟೆಂಟ್ ಸಿಕ್ಕಿತು. ನೆಲದ ಒಡೆತನ ಕೆಲವರ ಕೈಗೆ ಸೇರಿದರೆ ಬಾಡಿಗೆ ತೆರುವವರು ಹೇಗೆ ಬರಿಗೈಯಾಗುತ್ತಾರೆ ಎಂದು ತೋರಿಸಿ ಕಣ್ಣು ತೆರೆಸುವುದು ಆಕೆಯ ಉದ್ದೇಶ. ೧೯೩೫ರಲ್ಲಿ ಒಂದು ಕಂಪನಿ ಇಂಥದೇ ಆಟವನ್ನು ಬೇರೊಬ್ಬ ಗಂಡಸಿನ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆಕೆಯ ಪೇಟೆಂಟನ್ನು ಐನೂರು ಡಾಲರಿಗೆ ಕೊಂಡುಕೊಂಡಿತು. ಮುಂದೆ ಮಾರಾಟವಾದ ಪೆಟ್ಟಿಗೆಗಳ ಮೇಲೆ ಆಕೆಗೆ ಪಾಲಿಲ್ಲ. ಎಚ್ಚರಿಕೆ ಎಂದು ಬರೆದದ್ದನ್ನು ಜಗತ್ತು ಆಸೆ ಎಂದು ಓದಿಕೊಂಡಿತು. ಕೃತಿಯನ್ನು ಹೀಗೆ ತಿರುಗುಮುರುಗಾಗಿ ಓದಿದ್ದಕ್ಕೆ ಸಾಹಿತ್ಯದಲ್ಲೂ ಇಂಥ ಉದಾಹರಣೆ ಸುಲಭವಾಗಿ ಸಿಕ್ಕಲಾರದು.

ನನ್ನ ಕಳ್ಳತನ ಸಿಕ್ಕಿಬಿದ್ದದ್ದು ೨೦೨೦ರ ಲಾಕ್‌ಡೌನಿನಲ್ಲಿ. ಬೆಂಗಳೂರಿನಿಂದ ಮಕ್ಕಳಿಬ್ಬರೂ ಗಂಟುಮೂಟೆ ಸಮೇತ ಮನೆಗೆ ಬಂದಿದ್ದರು. ಮಗಳ ಗಂಟಿನಲ್ಲಿ ಒಂದು ಕೆಂಪು ಪೆಟ್ಟಿಗೆ ಇತ್ತು: ಕಟಾನ್. ಒಂದು ಒಳ್ಳೆಯ ಇಳಕಲ್ ಸೀರೆಯಷ್ಟು ಬೆಲೆ ಕೇಳಿ ನಾನು ರಟ್ಟಿನ ಚೂರುಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಜರ್ಮನಿಯ ಕ್ಲೌಸ್ ಟಾಯ್ಬರ್ ಎಂಬಾತ ಮಾಡಿದ ಆಟ. ಆತ ಹಲ್ಲಿನ ಸೆಟ್ಟು ಮುಂತಾದವನ್ನು ತಯಾರಿಸುವ ಕಸುಬಿನವನು. ಕೆಲಸದ ಬೇಸರಕ್ಕೆ ಮನೆಯ ನೆಲಮಾಳಿಗೆಯಲ್ಲಿ ಆಟಗಳನ್ನು ಕಟ್ಟಿ, ಹೆಂಡತಿ ಮಕ್ಕಳ ಮುಂದೆ ಹರಡಿ ಪರೀಕ್ಷಿಸುತ್ತಿದ್ದನಂತೆ. ಇದು ೧೯೯೫ರಲ್ಲಿ ಹೊರಬಂದು, ಅದೇ ವರ್ಷ ಆ ದೇಶದ ‘ವರ್ಷದ ಆಟ’ ಪ್ರಶಸ್ತಿ ಪಡೆಯಿತು. ೨೦೨೩ರಲ್ಲಿ ಆತ ತೀರಿಕೊಂಡ.

ಹತ್ತೊಂಬತ್ತು ಆರುಮೂಲೆಯ ಬಿಲ್ಲೆಗಳನ್ನು ಜೋಡಿಸಿದರೆ ಒಂದು ದ್ವೀಪ. ಕಾಡು, ಹುಲ್ಲುಗಾವಲು, ಗೋಧಿಹೊಲ, ಬೆಟ್ಟ, ಮಣ್ಣುಗುಡ್ಡ, ನಡುವೆ ಒಂದು ಮರುಭೂಮಿ. ನಿಮ್ಮ ಪುಟಾಣಿ ಮನೆಯನ್ನು ಬಿಲ್ಲೆಗಳು ಕೂಡುವ ಮೂಲೆಯಲ್ಲಿ ಇಡುತ್ತೀರಿ. ಮರುಭೂಮಿಯೊಂದನ್ನು ಬಿಟ್ಟು ಪ್ರತಿ ಬಿಲ್ಲೆಗೂ ಒಂದು ಅಂಕಿ. ದಾಳದಲ್ಲಿ ಆ ಅಂಕಿ ಬಿದ್ದರೆ ಪಕ್ಕದಲ್ಲಿ ಮನೆಯಿದ್ದವರಿಗೆಲ್ಲ ಮರವೋ ಇಟ್ಟಿಗೆಯೋ ಕುರಿಯೋ ಗೋಧಿಯೋ ಅದಿರೋ ಸಿಕ್ಕುತ್ತದೆ. ದಾಳ ಯಾರೇ ಹಾಕಲಿ, ಎಲ್ಲರಿಗೂ. ನನ್ನ ಅಳತೆಗೋಲು ಇಲ್ಲಿ ಸಂತೋಷದಿಂದ ನೆಟ್ಟಗೆ ನಿಂತಿತು. ಒಲೆ ಸಣ್ಣ ಮಾಡಿ ಬರುವಷ್ಟರಲ್ಲಿ ನನ್ನ ಮನೆಯ ಮುಂದೆ ಎರಡು ಗೋಧಿ ಬಂದು ಕೂತಿರುತ್ತದೆ. ಹತ್ತು ಅಂಕ ಮೊದಲು ಮುಟ್ಟಿದವರು ಗೆದ್ದರು, ಆದರೆ ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

ಮೊದಲ ದಿನ ಮಗ ಹಲ್ಲು ಗಿಂಜಿದ, “ಅಮ್ಮಾ, ಒಂದು ಕುರಿ ಕೊಡು.” ನಾನು ಕೊಟ್ಟೆ. ಬದಲಿಗೆ ಏನೂ ಕೇಳಲಿಲ್ಲ. ಮಗಳು ಅವನ ಕೈಯಿಂದ ಕಸಿದು ನನ್ನ ಮುಂದೆ ಇಟ್ಟಳು. ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದಳು. ಈ ಆಟದಲ್ಲಿ ವಿನಿಮಯ ಉಂಟು, ದಾನ ಇಲ್ಲ. ಬಿಟ್ಟಿ ಕೊಡುವಂತಿಲ್ಲ!

“ಹೋಗ್ಲಿ ಬಿಡೆ, ನನಗೇನು ಗೆಲ್ಲಬೇಕಾ?” ಎಂದೆ.

ಅವಳು ನಗಲಿಲ್ಲ. “ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ. ಬೇಕಂತಲೇ ಸೋಲ್ತೀಯ. ನೀನು ನಮ್ಮ ಜೊತೆ ಒಂದು ದಿನಾನೂ ಆಡಿಲ್ಲ ಅಮ್ಮ” ಅಂದಳು.

ನನಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಎಷ್ಟು ರಜೆ, ಎಷ್ಟು ಸಂಜೆ ಇವರ ಜೊತೆ ಕೂತಿದ್ದೇನೆ! ಆದರೆ ನಲ್ಲಿಯ ನೀರಿನ ಸದ್ದಿನಲ್ಲಿ ನನಗೆ ನೆನಪಾದದ್ದು ಅಮ್ಮ.

೨೦೧೨ರಲ್ಲಿ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಕೆಲಸವಿಲ್ಲ, ಕಾಲೂರುವಂತಿಲ್ಲ. ಹೊತ್ತು ಕಳೆಯಲೆಂದು ಒಂದು ಮಧ್ಯಾಹ್ನ ಮಣೆಯನ್ನು ಬೋರಲು ಹಾಕಿ ಚೌಕಾಬಾರ ಬರೆದು ಮಂಚದ ಮೇಲಿಟ್ಟೆ. ಬಳೆ ಗಾಜಿನದಲ್ಲ, ಮಗಳ ಪ್ಲಾಸ್ಟಿಕ್ಕಿನದು ಕತ್ತರಿಸಿಕೊಟ್ಟೆ. ಅಮ್ಮ ಕವಡೆಗಳನ್ನು ಅಂಗೈಯಲ್ಲಿ ಕುಲುಕಿದ ರೀತಿಯೇ ಬೇರೆ. ಮೂರನೆಯ ಎಸೆತಕ್ಕೆ ಬಾರ ಬಿತ್ತು. ಮರುಕವಿಲ್ಲದೆ ನನ್ನ ಕಾಯಿ ಕಡಿದಳು. ಅರ್ಧಗಂಟೆಯಲ್ಲಿ ನಾಲ್ಕೂ ಕಾಯಿ ಹಣ್ಣಾದವು. ನನ್ನದು ಒಂದೂ ಒಳಸುತ್ತಿಗೆ ಹೋಗಿರಲಿಲ್ಲ. “ಇಷ್ಟು ಚೆನ್ನಾಗಿ ಆಡ್ತಿದ್ಯಾ?” ಎಂದು ಕೇಳಿದೆ. “ಯಾರು ಬಿಡ್ತಿದ್ರು?” ಎಂದು ಮಣೆಯನ್ನು ನನ್ನ ಕಡೆ ತಳ್ಳಿ, “ಇನ್ನೊಂದು ಹೂಡು” ಅಂದಳು.

ಅಮ್ಮನಿಗೆ ಆಡುವ ಆಸೆಯಿತ್ತು, ಬಿಡುವಿರಲಿಲ್ಲ. ನನಗೆ ಅಷ್ಟಿಷ್ಟು ಬಿಡುವಿತ್ತು. ನಾನು ಅದನ್ನು ಸೋತು ಸೋತು ಹಂಚಿಬಿಟ್ಟಿದ್ದೆ, ಅದನ್ನೇ ದೊಡ್ಡತನ ಅಂದುಕೊಂಡಿದ್ದೆ. ಎದುರಿಗೆ ಯಾರೂ ಇಲ್ಲದ ಆಟವನ್ನು ಆ ಎಂಟು ವರ್ಷದ ಹುಡುಗಿ ಆಡಿದ್ದಳು. ಅವಳಿಗೆ ಗೊತ್ತೂ ಆಗಿತ್ತು.

ಮರುದಿನ ನಾನು ನಿಯಮದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದಿದೆ. ಎರಡು ದಾಳ ಮೂವತ್ತಾರು ಬಗೆಯಲ್ಲಿ ಬೀಳುತ್ತವೆ; ಅದರಲ್ಲಿ ೬ ಬೀಳುವುದು ಐದು ಬಗೆ, ೮ ಕೂಡ ಐದು, ೨ ಮತ್ತು ೧೨ ಒಂದೊಂದೇ. ಚೀಟಿ ನಡೆಸಿದ ಹೆಂಗಸಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ೬ ಮತ್ತು ೮ರ ಮಗ್ಗುಲಲ್ಲಿ ಮನೆ ಕಟ್ಟಿದೆ. ಒಂದು ಕುರಿಗೆ ಒಂದು ಇಟ್ಟಿಗೆ, ಇಲ್ಲದಿದ್ದರೆ ಇಲ್ಲ. ನಾಲ್ಕನೆಯ ದಿನ ಗೆದ್ದೆ. ನಮ್ಮ ಯಜಮಾನರು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರು, ದಾಳವನ್ನು ಎತ್ತಿ ಅದರ ಆರೂ ಮುಖ ಪರೀಕ್ಷಿಸಿದರು.

ಕಟಾನಿನಲ್ಲಿ ದೋಷವಿಲ್ಲವೆಂದಲ್ಲ. ೭ ಬಿದ್ದಾಗ ಕಳ್ಳನನ್ನು ಬೇಕಾದವರ ಹೊಲದ ಮೇಲೆ ಕೂರಿಸಬಹುದು. ಈ ಒಂದು ಮರದ ಬೊಂಬೆಯಿಂದಾಗಿ ನಮ್ಮ ಅಣ್ಣತಂಗಿ ಎರಡು ದಿನ ಮಾತು ಬಿಟ್ಟಿದ್ದರು. ದ್ವೀಪದಲ್ಲಿ ಮೊದಲೇ ಯಾರೂ ಇರಲಿಲ್ಲ ಎನ್ನುವ ಯುರೋಪಿನವರ ಹಳೇ ನಂಬಿಕೆ ಹಾಗೇ ಕೂತಿದೆ. ಎಲ್ಲಕ್ಕಿಂತ ಮುಖ್ಯ, ಪೆಟ್ಟಿಗೆಯಲ್ಲಿರುವುದು ನಾಲ್ಕೇ ಜನರ ಕಾಯಿ. ಐದಾರು ಜನರಿಗೆ ಬೇರೆ ಪೆಟ್ಟಿಗೆ ಕೊಳ್ಳಬೇಕು.

೨೦೨೨ರಲ್ಲಿ ಅಳಿಯ ಬಂದ ಮೇಲೆ ನಾವು ಐವರಾದೆವು. ಅಳಿಯನದು ಇನ್ನೂ ವಿಚಿತ್ರ ಹವ್ಯಾಸ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಒಂದು ಕೂದಲಿನಷ್ಟು ಸಪೂರದ ಕುಂಚದಲ್ಲಿ ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧ ಹೂಡುತ್ತಾನೆ. ಯುದ್ಧಕ್ಕಿಂತ ಬಣ್ಣ ಹಚ್ಚುವ ಹೊತ್ತೇ ಹೆಚ್ಚು. ದಸರೆ ಬೊಂಬೆಗಳ ಜರಿಗೆ ನಾನು ಬಂಗಾರದ ಬಣ್ಣ ಮುಟ್ಟಿಸುವುದನ್ನು ನೋಡಿ, “ಅತ್ತೆ, ನಿಮ್ಮ ಕೈ ನಡುಗೋದೇ ಇಲ್ಲ” ಎಂದು ತನ್ನ ಒಬ್ಬ ಸೇನಾಪತಿಯನ್ನು ನನಗೆ ಒಪ್ಪಿಸಿದ. ಈ ಹವ್ಯಾಸಕ್ಕೆ ಹಿರಿಯನೆಂದರೆ ಎಚ್. ಜಿ. ವೆಲ್ಸ್, ಕಾಲಯಂತ್ರದ ಕತೆ ಬರೆದವನೇ. ೧೯೧೩ರ ಅವನ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ತವರದ ಸೈನಿಕರಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ಕಾಲಾಳು ಒಂದು ಸಲಕ್ಕೆ ಒಂದಡಿ, ಕುದುರೆಯವನು ಎರಡಡಿ, ಪ್ರತಿ ನಡೆಗೂ ಗಡಿಯಾರದ ಗಡುವು. ಗಡುವು ಮುಗಿದರೆ ನಡೆಸದ ಕಾಯಿ ನಿಂತಲ್ಲೇ. ಆ ಮನೆಯಲ್ಲಿ ಹಾಲು ಯಾರು ನೋಡಿಕೊಳ್ಳುತ್ತಿದ್ದರೋ! ಪುಸ್ತಕದ ಮುಖಪುಟದಲ್ಲೇ ಈ ಆಟ ಹನ್ನೆರಡರಿಂದ ನೂರೈವತ್ತು ವಯಸ್ಸಿನ ಹುಡುಗರಿಗೆ ಎಂದು ಹೇಳಿ, ಹುಡುಗರ ಆಟ ಪುಸ್ತಕಗಳನ್ನು ಮೆಚ್ಚುವಷ್ಟು ಜಾಣೆಯರಾದ ಹುಡುಗಿಯರಿಗೂ ಉದಾರವಾಗಿ ಬಾಗಿಲು ತೆರೆದಿದ್ದಾನೆ. ಮೇಜಿನ ಮೇಲೆ ಆಡಿ ನೋಡಿದವನಿಗೆ ನಿಜವಾದ ಯುದ್ಧ ಎಂಥ ಎಡವಟ್ಟು ಎಂದು ತಿಳಿಯುತ್ತದೆ ಎನ್ನುವುದು ಅವನ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಅಂದರೆ ಆಡಬೇಕಾದವರು ಆಡಿರಲಿಲ್ಲ.

ಕಳೆದ ಆಯುಧಪೂಜೆಯ ಸಂಜೆ ಐವರೂ ಸೇರಿದ್ದೆವು. ಮಗಳು ದ್ವೀಪ ಜೋಡಿಸಿದಳು. ನಾಲ್ಕು ಬಣ್ಣ, ಐದು ಜನ. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ನಾಲ್ಕೂ ಮುಖ ಹಳೆಯ ರೂಢಿಯಲ್ಲಿ ನನ್ನ ಕಡೆ ತಿರುಗಿದವು. “ನೀವು ಆಡ್ತಿರಿ, ನಾನು ಕಾಫಿಗೆ…” ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಕೈ ನೋಡಿಕೊಂಡರೆ ಅದರಲ್ಲಿ ಆಗಲೇ ಕೆಂಪು ಮನೆಗಳಿದ್ದವು. ನಾನು ಮೊದಲನೆಯದನ್ನು ೮ರ ಬೆಟ್ಟದ ಮೂಲೆಗೆ ಇಟ್ಟೆ.

ಸ್ವಲ್ಪ ಹೊತ್ತು ಬಿಟ್ಟು ಯಜಮಾನರು ಪಂಚೆ ಸರಿಮಾಡಿಕೊಂಡು ಎದ್ದರು. ಒಳಗಿನಿಂದ ಡಬ್ಬಿಗಳ ಸದ್ದು ಬಹಳ ಹೊತ್ತು ಕೇಳಿಸಿತು.

“ಸಕ್ಕರೆ ಎಲ್ಲಿದೆ?”

“ಎರಡನೇ ಸಾಲು, ಬೇಳೆ ಹಿಂದೆ” ಎಂದೆ. ಅಳಿಯ ದಾಳ ಹಾಕಿದ. ಎಂಟು. ಒಂದು ಅದಿರು ತೆಗೆದುಕೊಂಡೆ.