'ಅಪ್ಪಾಜಿ'ಯ ಕಥೆ: ಒಂದು ಪರಾಮರ್ಶೆ

ವಿಜಯನಗರದ ಕೃಷ್ಣದೇವರಾಯನು ತನ್ನ ಮಹಾಪ್ರಧಾನನಾದ ಸಾಳುವ ತಿಮ್ಮರಸನನ್ನು 'ಅಪ್ಪಾಜಿ' ಎಂದು ಕರೆಯುತ್ತಿದ್ದನೆಂಬುದು ಪ್ರಸಿದ್ಧವಾದ ಐತಿಹ್ಯ. ವಾತ್ಸಲ್ಯದಿಂದ ಆರಂಭವಾಗಿ ದುರಂತದಲ್ಲಿ ಮುಗಿಯುವ ಕಥೆಯಾಗಿಯೇ ಈ ಸಂಬಂಧವು ಜನಮನದಲ್ಲಿ ನೆಲೆಸಿದೆ. ತರಗತಿಗಳಲ್ಲಿಯೂ ಅದು ಹಾಗೆಯೇ ಬೋಧಿತವಾಗುವುದುಂಟು. ಇದರಿಂದ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗುತ್ತದೆಂದು ನಾವು ಭಾವಿಸುತ್ತೇವೆ. ತರುಣನಾದ ಅರಸನು ತನಗಿಂತ ಹಿರಿಯನಾದ ಅಧಿಕಾರಿಯನ್ನು ಹೇಗೆ ನಡೆಸಿಕೊಂಡನು, ಆ ವ್ಯವಸ್ಥೆಯು ಎಲ್ಲಿ ಮುರಿಯಿತು ಎಂಬುದೇ ಆ ಪ್ರಶ್ನೆ.

ಕಥೆಗೆ ಮುಖ್ಯ ಆಧಾರವು 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಪ್ರವಾಸಿ ನೂನಿಜನ ವೃತ್ತಾಂತ. ರಾಬರ್ಟ್ ಸಿವೆಲ್ಲನು ಇದರ ಇಂಗ್ಲಿಷ್ ಅನುವಾದವನ್ನು 1900ರಲ್ಲಿ ಪ್ರಕಟಿಸಿದನು. ತಮ್ಮನ ಕಣ್ಣು ಕೀಳಿಸುವಂತೆ ಅಣ್ಣನಾದ ಅರಸನು ಆಜ್ಞಾಪಿಸಿದಾಗ ತಿಮ್ಮರಸನು ಮೇಕೆಯ ಕಣ್ಣುಗಳನ್ನು ತೋರಿಸಿ ಕೃಷ್ಣದೇವರಾಯನನ್ನು ಉಳಿಸಿದನೆಂದೂ, ಕಡೆಗೆ ತಿಮ್ಮರಸನ ಕಣ್ಣುಗಳನ್ನೇ ಕೀಳಿಸಲಾಯಿತೆಂದೂ ನೂನಿಜನು ಹೇಳುತ್ತಾನೆ. ಕಣ್ಣುಳಿಸಿದವನೇ ಕಣ್ಣು ಕಳೆದುಕೊಳ್ಳುವ ಈ ಹೊಂದಿಕೆಯು ಕಥೆಗಾರನಿಗೆ ಪ್ರಿಯವಾದುದು. ಚರಿತ್ರಕಾರನಿಗಾದರೋ ಅದೇ ಸಂಶಯಕ್ಕೆ ಕಾರಣವಾಗಬೇಕು.

ಆದರೂ ಅದೇ ಬರಹದಲ್ಲಿ ಆಡಳಿತಕ್ಕೆ ಸಂಬಂಧಿಸಿದ, ಹೆಚ್ಚು ಬೆಲೆಯುಳ್ಳ ವಿವರಗಳಿವೆ. 1509ರಲ್ಲಿ ಪಟ್ಟಕ್ಕೆ ಬಂದ ಅರಸನು ಒಂದೂವರೆ ವರ್ಷ ರಾಜಧಾನಿಯನ್ನು ಬಿಡದೆ ರಾಜ್ಯದ ವ್ಯವಹಾರಗಳನ್ನು ಅರಿತನು. ಹಿಂದಿನ ಅರಸರು ಬರೆಸಿಟ್ಟ ಪತ್ರಗಳನ್ನು ಪರಿಶೀಲಿಸಿದನು. 1515ರಲ್ಲಿ ಕೊಂಡವೀಡು ಕೈವಶವಾದ ಮೇಲೆ ಅದರ ಹೊಣೆಯನ್ನು ತಿಮ್ಮರಸನಿಗೆ ಒಪ್ಪಿಸಿದನು. 1520ರ ರಾಯಚೂರು ಯುದ್ಧದಲ್ಲಿ ಸೈನ್ಯದ ನಾಯಕತ್ವವನ್ನು ತಾನೇ ವಹಿಸಿದನು. ಆ ಕಾಲದಲ್ಲಿಯೇ ವಿಜಯನಗರವನ್ನು ಕಂಡ ಪಯಸನು, ಅರಮನೆಯೆಲ್ಲವೂ ವೃದ್ಧನಾದ ಈ ಮಂತ್ರಿಯ ಆಜ್ಞೆಯಲ್ಲಿತ್ತೆಂದು ಬರೆದಿದ್ದಾನೆ. ಹಿರಿಯನಿಗೆ ಗೌರವವೂ ಇತ್ತು, ನಿಶ್ಚಿತವಾದ ಕಾರ್ಯವೂ ಇತ್ತು. ಅಂತಿಮ ನಿರ್ಣಯವು ಅರಸನದಾಗಿತ್ತು. ಆ ವರ್ಷಗಳ ಯಶಸ್ಸಿಗೆ ಇದೊಂದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

1524ರಲ್ಲಿ ಈ ಏರ್ಪಾಡು ಬದಲಾಯಿತು. ನೂನಿಜನ ಪ್ರಕಾರ, ಅರಸನು ಆರು ವರ್ಷದ ಮಗನಿಗೆ ಪಟ್ಟಕಟ್ಟಿ ತಾನು ಮಂತ್ರಿಯ ಸ್ಥಾನದಲ್ಲಿ ನಿಂತನು. ತಿಮ್ಮರಸನು ಕೇವಲ ಸಲಹೆಗಾರನಾದನು. ಅವನ ಮಗನಿಗೆ ದೊಡ್ಡ ಪದವಿ ದೊರೆಯಿತು. ಹೀಗೆ ಬಾಲಕನಿಗೆ ಹೆಸರು, ವೃದ್ಧನಿಗೆ ಮರ್ಯಾದೆ, ತರುಣನಿಗೆ ಪದವಿ ದೊರೆತುವು. ಯಾರ ಅಧಿಕಾರವು ಎಲ್ಲಿಯವರೆಗೆ ಎಂಬುದು ಮಾತ್ರ ಅಸ್ಪಷ್ಟವಾಯಿತು. ಬಾಲಕನು ತೀರಿಕೊಂಡಾಗ ವಿಷಪ್ರಯೋಗದ ಸಂಶಯವು ತಿಮ್ಮರಸನ ಮನೆತನದ ಮೇಲೆ ಬಿದ್ದು, ತಂದೆ ಮಕ್ಕಳು ಸೆರೆಮನೆಯನ್ನು ಸೇರಿದರು. ಆ ಆರೋಪವು ನಿಜವೆಂದು ಹೇಳಲು ನೂನಿಜನ ಮಾತೊಂದೇ ಸಾಲದು. ಅಂತಹ ಸಂಶಯಕ್ಕೆ ಎಡೆಮಾಡಿಕೊಟ್ಟ ವ್ಯವಸ್ಥೆಯಾದರೋ ಅವನ ಬರಹದಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಆದುದರಿಂದ ಈ ಪ್ರಕರಣವನ್ನು ಕೃತಜ್ಞತೆ, ಕೃತಘ್ನತೆಗಳ ನೀತಿಕಥೆಯಾಗಿ ಮಾತ್ರ ಬೋಧಿಸುವುದು ಉಚಿತವಲ್ಲ. 'ಅಪ್ಪಾಜಿ' ಎಂಬ ಸಂಬೋಧನೆಯು ಹದಿನೈದು ವರ್ಷ ಫಲಿಸಿದುದು ಅದರ ಹಿಂದೆ ಸ್ಪಷ್ಟವಾದ ಹೊಣೆಗಾರಿಕೆ ಇದ್ದುದರಿಂದ. ಹೊಣೆಯನ್ನು ತೆಗೆದು ಮರ್ಯಾದೆಯನ್ನಷ್ಟೇ ಉಳಿಸಿದರೆ ಹಿರಿಯನಿಗೂ ಕ್ಷೇಮವಿಲ್ಲ, ಅವನನ್ನು ಆಳುವ ಕಿರಿಯನಿಗೂ ಕ್ಷೇಮವಿಲ್ಲ. ವಿದ್ಯಾರ್ಥಿಗಳು ಕಣ್ಣಿನ ಕಥೆಗಿಂತ ಮೊದಲು ಈ ಪದವಿಗಳ ಬದಲಾವಣೆಯನ್ನು ಗಮನಿಸಬೇಕೆಂಬುದೇ ನಮ್ಮ ಸೂಚನೆ.