ಅಲೆಗೆ ತಳ ಬೇಕು

ಸರ್ಫಿಂಗ್ ಚಿತ್ರ ಅಂದ್ರೆ ಬಹಳ ಜನಕ್ಕೆ ಮೊದಲು ನೆನಪಾಗೋದು ‘ದಿ ಎಂಡ್‌ಲೆಸ್ ಸಮ್ಮರ್’ ಪೋಸ್ಟರ್. ಬ್ರೂಸ್ ಬ್ರೌನ್ ಸಿನಿಮಾಕ್ಕೆ 1960ರ ದಶಕದಲ್ಲಿ ಜಾನ್ ವ್ಯಾನ್ ಹ್ಯಾಮರ್ಸ್‌ವೆಲ್ಡ್ ಮಾಡಿದ್ದು. ಕಣ್ಣು ಕುಕ್ಕುವ ಗುಲಾಬಿ, ಕಿತ್ತಳೆ, ಹಳದಿ. ತಲೆ ಮೇಲೆ ಹಲಗೆ ಹೊತ್ತು ನಿಂತವನ ಆಕೃತಿ. ಗಮನಿಸಿ ನೋಡಿ, ಅದರಲ್ಲಿ ಯಾರೂ ಅಲೆ ಮೇಲೆ ಸವಾರಿ ಮಾಡ್ತಾ ಇಲ್ಲ.

ಅದರ ಮೂಲ ಕ್ಯಾಲಿಫೋರ್ನಿಯಾದ ಸಾಲ್ಟ್ ಕ್ರೀಕ್ ದಂಡೆಯಲ್ಲಿ ತೆಗೆದ ಒಂದು ಫೋಟೋ. ಅದರ ಬೂದು ಛಾಯೆಗಳನ್ನೆಲ್ಲ ಬಿಸಾಕಿ, ಉಳಿದದ್ದನ್ನು ಚಪ್ಪಟೆ ಬಣ್ಣಗಳಾಗಿ ಒಡೆದಿದ್ದಾರೆ. ಇವತ್ತು ಫೋಟೋಶಾಪಿನಲ್ಲಿ ‘ಥ್ರೆಶೋಲ್ಡ್’ ಒತ್ತಿದರೆ ಆಗೋದು ಇದೇ ಕೆಲಸ. ಆದರೆ ಯಾವ ನೆರಳು ಉಳೀಬೇಕು, ಯಾವುದು ಹೋಗಬೇಕು ಅನ್ನೋದನ್ನು ಅಲ್ಲಿ ನಿರ್ಧರಿಸಿದ್ದು ಒಬ್ಬ ಮನುಷ್ಯನ ಕಣ್ಣು. ಥ್ರೆಶೋಲ್ಡಿಗೆ ಗೊತ್ತಿರೋದು ಒಂದು ಸಂಖ್ಯೆ ಅಷ್ಟೆ.

ಹಾಗಂತ ‘ಕೈಬರಹವೇ ಶುದ್ಧ, ಕಂಪ್ಯೂಟರ್ ಮೋಸ’ ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. ಹೊಕುಸಾಯಿಯ ದೊಡ್ಡ ಅಲೆಯನ್ನೇ ತಗೊಳ್ಳಿ, ಸುಮಾರು 1831ರದ್ದು. ಅಂಥ ಮುದ್ರಣದಲ್ಲಿ ಕಲಾವಿದ ಬರೆದ ಹಾಳೆಯನ್ನು ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಅದರ ಮೇಲೇ ಕೆತ್ತುತ್ತಿದ್ದರು. ಮೂಲ ಚಿತ್ರ ಅಲ್ಲಿಗೇ ನಾಶ. ಆಮೇಲೆ ಬಣ್ಣಕ್ಕೊಂದು ಅಚ್ಚು. ನಮ್ಮ ಲೇಯರ್‌ಗಳಿಗೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ?

ನನ್ನ ತಕರಾರು ಬೇರೆ. ಕಾಗದದ ಮೇಲೆ ಬ್ರಶ್ಶಿನಿಂದ ಗೆರೆ ಎಳೆದು, ಸ್ಕ್ಯಾನ್ ಮಾಡಿ, ‘ಇಮೇಜ್ ಟ್ರೇಸ್’ಗೆ ಕೊಟ್ಟರೆ ಅದು ಗೆರೆಯನ್ನು ಬಿಂದುಗಳಾಗಿ, ನಡುವೆ ನಯವಾದ ವಕ್ರರೇಖೆಗಳಾಗಿ ಬದಲಾಯಿಸುತ್ತೆ. ಮಸಿ ಮುಗೀತಾ ಬಂದಾಗ ಬ್ರಶ್ಶು ಒರಟಾಗಿ ಬಿಟ್ಟ ಗುರುತನ್ನು ಕಸ ಅಂತ ಗುಡಿಸಿ ಹಾಕುತ್ತೆ. ಆಮೇಲೆ ನಾವೇ ಅದರ ಮೇಲೆ ‘ಹಳೇ ಕಾಗದ’ದ ಟೆಕ್ಸ್ಚರ್ ಹಾಕಿ ಕೈಕೆಲಸ ಅಂತ ತೋರಿಸ್ತೀವಿ. ತಲೆ ಬೋಳಿಸಿ ವಿಗ್ ಇಟ್ಟ ಹಾಗೆ! ಗೆರೆಯನ್ನು ಸ್ಕ್ಯಾನ್ ಆದ ಹಾಗೇ ಬಿಟ್ಟು, ಮಲ್ಟಿಪ್ಲೈ ಮೋಡಲ್ಲಿ ಮೇಲಿಟ್ಟು, ಬಣ್ಣವನ್ನು ಕೆಳಗಿನ ಲೇಯರಲ್ಲಿ ತುಂಬಿದರೆ ಸಾಕಲ್ಲ.

ಇನ್ನೂ ದೊಡ್ಡ ಕೊರತೆ ಅಲೆಯದ್ದೇ. ಅಲೆ ಮುರಿಯೋದು ತಳ ತಾಗಿ: ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಬುಡ ನಿಧಾನವಾಗಿ, ತಲೆ ಮುಂದೆ ಓಡುತ್ತೆ. ತಳ ಕಡಿದಾಗಿದ್ದರೆ ಕೊಳವೆಯಂತೆ ಸುರುಳಿ. ಇಳಿಜಾರು ಸಾವಕಾಶವಾಗಿದ್ದರೆ ನೊರೆ ಮೆಲ್ಲಗೆ ಜಾರುತ್ತೆ. ನಮ್ಮಲ್ಲಿ ಟೀಶರ್ಟಿನ ಮೇಲೆ ಮುಲ್ಕಿ ಅಂತ ಬರೆದು ಹವಾಯಿಯ ಪೈಪ್‌ಲೈನಿನ ಅಲೆ ಬಿಡಿಸ್ತಾರೆ. ಅಲ್ಲಿ ತಳದಲ್ಲಿ ಬಂಡೆ, ಇಲ್ಲಿ ಮರಳು. ಮಳೆಗಾಲದಲ್ಲಿ ಹೊಳೆ ಬಂದು ಸೇರುವ ನೀರಿನ ಆ ರಾಡಿ ಬಣ್ಣವನ್ನು ಯಾರಾದರೂ ಒಂದು ಲೇಯರಲ್ಲಾದರೂ ತುಂಬಿದ್ದನ್ನು ನಾನಿನ್ನೂ ನೋಡಿಲ್ಲ. ತುಂಬಿದವರಿದ್ದರೆ ಆ ಟೀಶರ್ಟ್ ದುಡ್ಡು ಕೊಟ್ಟೇ ತಗೋತೀನಿ.